ಹಿತ್ತಲ ಬಾಗಿಲಿನ ಬಿ ಶಿಫ್ಟು

ವಿಶಾಖಪಟ್ಟಣದ ಹೊರವಲಯದಲ್ಲಿ, ಒಂದು ಸರ್ಕಾರಿ ಕಾರ್ಖಾನೆಯ ಟೌನ್‌ಶಿಪ್ಪಿನಲ್ಲಿ ನಾನು ಬೆಳೆದೆ. ಅಲ್ಲಿ ಯಾರ ಪರಿಚಯವಾದರೂ ಮೊದಲು ಕೇಳುವುದು ಶಿಫ್ಟು. ಊರು, ಜಾತಿ, ಮಕ್ಕಳೆಷ್ಟು ಎಂಬುದೆಲ್ಲ ಆಮೇಲೆ. ಬೆಳಗಿನ ಆರಕ್ಕೆ ಹೋಗುವವರು ಎ, ಮಧ್ಯಾಹ್ನ ಎರಡಕ್ಕೆ ಹೋಗುವವರು ಬಿ, ರಾತ್ರಿ ಹತ್ತಕ್ಕೆ ಹೋಗುವವರು ಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಒಂಬತ್ತಕ್ಕೆ ಹೋಗುವವರು ಜನರಲ್. ಯಾರ ಮನೆಯ ಮುಂದೆ ಕ್ರಿಕೆಟ್ ಆಡಬಹುದು ಎಂಬುದನ್ನೂ ನಾವು ಹುಡುಗರು ಶಿಫ್ಟು ನೋಡಿಯೇ ನಿರ್ಧರಿಸುತ್ತಿದ್ದೆವು. ಸಿ ಶಿಫ್ಟು ಮುಗಿಸಿ ಮಲಗಿದವರ ಕಿಟಕಿಗೆ ಚೆಂಡು ಬಡಿದರೆ ಆ ಚೆಂಡಿನ ಆಸೆ ಬಿಡಬೇಕಿತ್ತು.

ಇಂಥ ಊರಿನಲ್ಲಿ ನಾನು ಯಾವ ಶಿಫ್ಟೂ ಇಲ್ಲದ ಗಂಡಸಾಗಿಬಿಟ್ಟೆ.

ನನ್ನ ಇಂಜಿನಿಯರಿಂಗ್ ಮುಗಿದದ್ದು ದೊಡ್ಡ ಚಂಡಮಾರುತ ಬಂದು ಹೋದ ಮರುವರ್ಷ, ಎರಡು ಸಾವಿರದ ಹದಿನೈದರಲ್ಲಿ. ಮುಗಿಯಿತು ಅನ್ನುವುದಕ್ಕಿಂತ, ಕಾಲೇಜಿನವರೇ ಇನ್ನು ಸಾಕಪ್ಪ ಎಂದು ಬಿಟ್ಟುಕೊಟ್ಟರು ಅನ್ನುವುದು ಸರಿ. ಊಟದ ಮೇಜಿನ ಮೂಲೆಯಲ್ಲಿ, ಉಪ್ಪಿನಕಾಯಿ ಭರಣಿಯ ಪಕ್ಕ, ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು ಬರೆಯತೊಡಗಿದೆ. ಯಾರಿಗೆ? ಯಾರು ಕೇಳಿದರೆ ಅವರಿಗೆ. ಏನನ್ನು? ಏನು ಕೇಳಿದರೆ ಅದನ್ನು. ಕಂಡು ಕೇಳದ ದೇಶದ ಯಾವನೋ ವೆಬ್‌ಸೈಟಿನವನಿಗೆ ನಾಯಿಯ ಕೂದಲು ಉದುರದಂತೆ ಏನು ಮಾಡಬೇಕೆಂದು ಇಂಗ್ಲಿಷಿನಲ್ಲಿ ಲೇಖನ ಬೇಕಿತ್ತು, ಬರೆದುಕೊಟ್ಟೆ. ನಾಯಿ ಸಾಕುವ ಮಾತು ಹಾಗಿರಲಿ, ಬೀದಿಯಲ್ಲಿ ನಾಯಿ ಕಂಡರೆ ಸೈಕಲ್ ತಿರುಗಿಸಿಕೊಂಡು ಬರುವ ವೀರ ನಾನು.

ಈ ಧೈರ್ಯಕ್ಕೆ ನನ್ನ ಬಳಿ ಇದ್ದ ಬಂಡವಾಳ ಒಂದೇ, ಅಣಕ. ಚಿಕ್ಕಂದಿನಿಂದಲೂ ಯಾರ ದನಿ ಕೇಳಿದರೂ ಅದು ನನ್ನ ಗಂಟಲಿಗೆ ಬಂದು ಕೂರುತ್ತಿತ್ತು. ಅಪ್ಪ ಫೋನು ಎತ್ತಿಕೊಂಡಾಗ ದಿಲ್ಲಿಗೇ ಕೇಳಲಿ ಎಂಬಂತೆ ಕೂಗುವ ‘ಹಲೋ’, ಗಾಜುವಾಕ ಬಸ್ಸಿನ ಕಂಡಕ್ಟರನ ಮೂಗಿನ ರಾಗ, ಹಾಲಿನ ಬೂತಿನವನ ಆಕಳಿಕೆ. ಟೌನ್‌ಶಿಪ್ಪಿನ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಕಾರ್ಯದರ್ಶಿಗಳ ಭಾಷಣವನ್ನು ಅವರೆದುರೇ ಅಣಕಿಸಿದ್ದೆ. ಅವರು ಖಜಾಂಚಿಯ ಅಣಕವೆಂದು ತಿಳಿದು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಬರವಣಿಗೆಯಲ್ಲೂ ಹೀಗೇ. ಎರಡು ಮಕ್ಕಳ ಅಮೆರಿಕದ ತಾಯಿ, ಇಂಗ್ಲೆಂಡಿನ ಮುದಿ ತೋಟಗಾರ, ತೂಕ ಇಳಿಸಿಕೊಂಡ ಮಾಜಿ ದಢೂತಿ, ನಾನು ಯಾರು ಬೇಕಾದರೂ ಆಗಬಲ್ಲವನಾಗಿದ್ದೆ. ನಾನಾಗಿ ಎರಡು ಸಾಲು ಬರೆಯಬೇಕೆಂದು ಕುಳಿತರೆ ಮಾತ್ರ ಕರ್ಸರು ಮಿಣುಕುತ್ತ ನನ್ನನ್ನೇ ನೋಡುತ್ತಿತ್ತು.

ಅದಕ್ಕೇ ನನ್ನ ಸ್ವಂತ ಬ್ಲಾಗಿನ ಅವಸ್ಥೆ ಕೇಳಬಾರದು. ಮೊದಲು ಮೊಬೈಲ್ ಫೋನುಗಳ ವಿಮರ್ಶೆ ಬರೆದೆ. ವಿಮರ್ಶೆಗೆ ಸಿಕ್ಕಿದ್ದು ಅಪ್ಪನ ಬಟನ್ ಫೋನು ಒಂದೇ. ಆಮೇಲೆ ಆಹಾರ ಪಥ್ಯ. ಅವ್ವನ ಕೈಯ ಎಣ್ಣೆಗಾಯಿ ಬಾಯಲ್ಲಿಟ್ಟುಕೊಂಡೇ ಎಣ್ಣೆ ಬಿಡಿ ಎಂದು ಬರೆದೆ. ಆಮೇಲೆ ಪ್ರವಾಸ. ಶಾಲೆಯವರು ಕರೆದುಕೊಂಡು ಹೋಗಿದ್ದ ಅರಕು ಕಣಿವೆ ಎರಡು ಲೇಖನಕ್ಕೆ ಮುಗಿದುಹೋಯಿತು. ಕೊನೆಗೆ, ಬ್ಲಾಗು ಬರೆದು ಬದುಕುವುದು ಹೇಗೆ ಎಂಬ ವಿಷಯ ಹಿಡಿದೆ. ಎಲ್ಲಕ್ಕಿಂತ ಹೆಚ್ಚು ಜನ ಓದಿದ್ದು ಅದನ್ನೇ, ಪಾಪ.

ಮನೆಯೊಳಗೆ ಇದೆಲ್ಲ ನಡೆದುಕೊಂಡು ಹೋಗುತ್ತಿತ್ತು. ತೊಂದರೆ ಇದ್ದದ್ದು ಕಾಂಪೌಂಡಿನ ಆಚೆ. ಪಕ್ಕದ ಕ್ವಾರ್ಟರ್ಸಿನಲ್ಲಿ ಒಬ್ಬ ತೆಲುಗು ಆಂಟಿ ಇದ್ದರು. ಅವರ ಯಜಮಾನರೂ ನಮ್ಮಪ್ಪನೂ ಒಂದೇ ವಿಭಾಗ. ಬೆಳಗ್ಗೆ ರಂಗೋಲಿ ಹಾಕುತ್ತ ಆಕೆ ಅವ್ವನನ್ನು ಕೇಳುವರು, ಬಾಬುಗೆ ಯಾವ ಶಿಫ್ಟು ಅಂಡಿ? ಅಂಡಿ ಎಂದರೆ ನಮ್ಮ ‘ರೀ’. ಮನೆಯಲ್ಲೇ ಕೂತು ಮಾಡುವ ಕೆಲಸ ಎಂದು ಅವ್ವ ತನಗೆ ಬರುವ ತೆಲುಗಿನಲ್ಲಿ ವಿವರಿಸುವಳು. ಆಂಟಿ ಮುಖ ಬಾಡಿಸಿಕೊಂಡು, ಆರೋಗ್ಯ ಚೆನ್ನಾಗಿಲ್ಲವಾ ಎನ್ನುವರು. ಆರೋಗ್ಯವಂತ ಗಂಡಸು ಹಗಲು ಹೊತ್ತು ಮನೆಯಲ್ಲಿರಲು ಅವರಿಗೆ ಬೇರೆ ಕಾರಣ ಹೊಳೆಯುತ್ತಿರಲಿಲ್ಲ. ಒಂದು ಸಲ ಅವರು ನನಗೆಂದು ದಾಳಿಂಬೆ ಹಣ್ಣೂ ಕಳಿಸಿಕೊಟ್ಟರು. ಹಣ್ಣು ತಿಂದೆ. ಮರುದಿನ ಅವ್ವ ಕಾಂಪೌಂಡಿನ ಹತ್ತಿರ ಹೋಗಿ ‘ಬಿ ಶಿಫ್ಟು’ ಎಂದು ಹೇಳಿ ಒಳಗೆ ಬಂದಳು.

“ಇವತ್ತಿನಿಂದ ನಿಂದು ಬಿ ಶಿಫ್ಟು,” ಅಂದಳು. “ಎರಡಕ್ಕ ಬೂಟು ಹಾಕ್ಕೊಂಡು ಡಬ್ಬಿ ತಗೊಂಡು ಹೋಗು.”

“ಎಲ್ಲಿಗೆ ಹೋಗ್ಲಿ?”

“ಹಿತ್ತಲಕ.”

ಹೀಗೆ ಶುರುವಾಯಿತು ನನ್ನ ನೌಕರಿ. ಮಧ್ಯಾಹ್ನ ಎರಡಕ್ಕೆ ಬೂಟು ತೊಟ್ಟು, ಟಿಫಿನ್ ಡಬ್ಬಿ ಹಿಡಿದು, ಮುಂಬಾಗಿಲಿನಿಂದ ಹೊರಬೀಳುವುದು. ಸಾಲಿನ ಕೊನೆಯ ಮನೆಯ ತನಕ ಗಂಭೀರವಾಗಿ ನಡೆಯುವುದು. ಅಲ್ಲಿ ತಿರುಗಿ, ಮನೆಗಳ ಹಿಂದಿನ ಓಣಿಗೆ ಇಳಿದು, ಹಿತ್ತಲ ಬಾಗಿಲು ತಟ್ಟುವುದು. ಅವ್ವ ಬಾಗಿಲು ತೆರೆದು ಡಬ್ಬಿ ಇಸಿದುಕೊಳ್ಳುವಳು. ಡಬ್ಬಿಯೊಳಗೆ ಇರುತ್ತಿದ್ದದ್ದು ನನಗೇ ಸಂಜೆ ಕೊಡಬೇಕಾದ ಅವಲಕ್ಕಿ. ರಾತ್ರಿ ಇದೇ ಮೆರವಣಿಗೆ ಉಲ್ಟಾ. ಮೊದಲ ಸಲ ಇದನ್ನು ಕಂಡ ಅಪ್ಪ ಪೇಪರಿನಿಂದ ತಲೆ ಎತ್ತಿ, ಗೇಟ್ ಪಾಸ್ ಮಾಡಿಸಿಯೇನು ಎಂದು ಕೇಳಿ ಮತ್ತೆ ಪೇಪರಿನೊಳಗೆ ಹೋದ.

ಈಗ ಆ ಕ್ವಾರ್ಟರ್ಸಿನಲ್ಲಿ ಬೇರೆ ಯಾರೋ ಇದ್ದಾರೆ. ಮೇಜಿನ ಮೇಲೆ ಭರಣಿಯ ತಳದ ಎಣ್ಣೆ ಬಿಟ್ಟಿದ್ದ ಬಳೆಯಂಥ ಗುರುತು, ಪರದೆಯ ಸಂದಿಯಿಂದ ಬಂದು ಕೀಬೋರ್ಡಿನ ಮೇಲೆ ಕೂರುತ್ತಿದ್ದ ಬಿಸಿಲಿನ ಪಟ್ಟಿ, ಒಳಗೆ ಅವ್ವ ಸೊಪ್ಪು ಸೋಸುತ್ತ ತನಗೆ ತಾನೇ ಆಡಿಕೊಳ್ಳುತ್ತಿದ್ದ ಮಾತು, ಇವು ಮಾತ್ರ ನನ್ನ ಜೊತೆಗೇ ಬಂದಿವೆ. ಇವತ್ತು ನನಗೊಂದು ಬರೆಯುವ ಕೋಣೆ ಇದೆ, ತಿರುಗುವ ಕುರ್ಚಿಯೂ ಇದೆ. ಆದರೂ ಬರವಣಿಗೆ ಅಂದರೆ ನನ್ನ ಮೈಗೆ ನೆನಪಾಗುವುದು ಆ ಮಧ್ಯಾಹ್ನಗಳೇ. ನಾಚಿಕೆ ಬಿಟ್ಟು ಹೇಳುತ್ತೇನೆ, ಬೂಟು ಹಾಕಿಕೊಂಡು ಬರೆದದ್ದು ಚಡ್ಡಿಯಲ್ಲಿ ಬರೆದದ್ದಕ್ಕಿಂತ ಚೆನ್ನಾಗಿಯೇ ಇರುತ್ತಿತ್ತು.

ಅಪ್ಪ ಕಾರ್ಖಾನೆಯಲ್ಲಿ ಮೀಟರುಗಳನ್ನು ನೋಡಿಕೊಳ್ಳುವವನು. ಎಲ್ಲದಕ್ಕೂ ಒಂದು ಮುಳ್ಳು ಇರಬೇಕು, ಅದು ಎಲ್ಲಿಗಾದರೂ ತೋರಿಸಬೇಕು ಎಂಬುದು ಅವನ ಧರ್ಮ. ನನ್ನ ಮುಳ್ಳು ಎಲ್ಲ ಕಡೆಗೂ ತಿರುಗುವುದನ್ನು ಎರಡು ವರ್ಷಕ್ಕೂ ಹೆಚ್ಚು ಕಾಲ ಸುಮ್ಮನೆ ನೋಡಿದ. ಎರಡು ಸಾವಿರದ ಹತ್ತೊಂಬತ್ತಕ್ಕೆ ಅವನ ನಿವೃತ್ತಿ, ಆಮೇಲೆ ಕ್ವಾರ್ಟರ್ಸು ಖಾಲಿ ಮಾಡಬೇಕು. ಪರವಾಡದ ಒಂದು ಔಷಧ ಕಂಪನಿಯಲ್ಲಿ ಅವನ ಹಳೆಯ ಗೆಳೆಯರೊಬ್ಬರು ಇದ್ದರು. ಅಲ್ಲಿಯ ದಾಖಲೆ ವಿಭಾಗದಲ್ಲಿ, ಒಂದು ಕಡೆ ಇದ್ದದ್ದನ್ನು ಇನ್ನೊಂದು ಕಡೆ ಚಾಚೂ ತಪ್ಪದೆ ಬರೆಯುವ ಕೆಲಸ. ಕಂಪನಿ ಬಸ್ಸು ನಮ್ಮ ಗೇಟಿನ ಹತ್ತಿರವೇ ನಿಲ್ಲುತ್ತಿತ್ತು. ಹದಿನೇಳರ ಕೊನೆಗೆ, ಒಂದು ಭಾನುವಾರ ಚಹಾ ಕುಡಿಯುತ್ತ ಅಪ್ಪ ಮಾತು ತೆಗೆದ.

“ನೀ ಬರಿಯೋದು ತಪ್ಪಂತ ನಾ ಅನ್ನಂಗಿಲ್ಲ. ಆದ್ರ ಯಾರ ಸಲುವಾಗಿ ಬರೀತಿ, ಅದನ್ನ ಒಂದ ಮಾತಿನ್ಯಾಗ ಹೇಳು. ಉಗಾದಿ ಮಟ ಟೈಮ್ ತಗೋ. ಹೇಳಾಕ ಬರ್ಲಿಲ್ಲಂದ್ರ ಪರವಾಡದ ಬಸ್ ಹತ್ತಿಬಿಡು.”

ಬೈದಿದ್ದರೆ ಅವನದೇ ದನಿಯಲ್ಲಿ ಅಣಕಿಸಿ ಅವ್ವನನ್ನು ನಗಿಸಿ ಪಾರಾಗುತ್ತಿದ್ದೆ. ಇಷ್ಟು ಮೆತ್ತಗೆ ಕೇಳಿದರೆ ಏನು ಮಾಡುವುದು? ಹೆದರಿಕೆಯಾದದ್ದು ಬಸ್ಸಿಗಲ್ಲ. ಆ ಕೆಲಸ ನನಗೆ ಚೆನ್ನಾಗಿಯೇ ಒಗ್ಗುತ್ತಿತ್ತು, ಹೆದರಿಕೆ ಅದರದು. ಇದ್ದದ್ದನ್ನು ಇದ್ದ ಹಾಗೇ ಇನ್ನೊಮ್ಮೆ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಯಾರಿದ್ದರು? ಹತ್ತಿದರೆ ಇಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು.

ಸಂಕ್ರಾಂತಿಗೆ ಅವ್ವ ನನ್ನನ್ನು ವಿಜಯವಾಡಕ್ಕೆ, ತನ್ನ ಅಕ್ಕನ ಮನೆಗೆ ಕಳಿಸಿದಳು. ಗಾಳಿ ಬದಲಾದರೆ ಬುದ್ಧಿ ಬದಲಾದೀತು ಎಂಬ ಆಸೆ. ಪಕ್ಕದ ಮನೆಗೆ ಮಾತ್ರ ‘ಡೆಪ್ಯುಟೇಶನ್’ ಎಂದು ಹೇಳಿದಳಂತೆ.

ದೊಡ್ಡವ್ವನ ಮನೆ ಭವಾನಿಪುರಂನಲ್ಲಿ, ಮಾಳಿಗೆ ಹತ್ತಿದರೆ ಕೃಷ್ಣೆಯೂ ನಡುಗಡ್ಡೆಗೆ ಹೋಗುವ ದೋಣಿಗಳೂ ಕಾಣುವಷ್ಟು ಹತ್ತಿರ. ದೊಡ್ಡಪ್ಪ ತೆಲುಗಿನವರು. ಒನ್ ಟೌನ್ ಎಂಬ ಹಳೆಯ ಪೇಟೆಯಲ್ಲಿ ಅವರ ತಂದೆಯ ಕಾಲದಿಂದಲೂ ಹಗ್ಗದ ಸಗಟು ಅಂಗಡಿ. ನೂಲು ಕೊಳ್ಳಲು ಗದಗಿಗೆ ಬರುತ್ತಿದ್ದ ಆ ತಂದೆ ಒಂದು ಸಲ ನೂಲಿನ ಜೊತೆ ಸಂಬಂಧವನ್ನೂ ಕುದುರಿಸಿಕೊಂಡು ಹೋದರು ಎಂದು ನಮ್ಮ ಕಡೆಯವರು ಹೇಳುವುದುಂಟು. ದೊಡ್ಡವ್ವ ಆ ಮನೆ ಸೇರಿ ನಲವತ್ತು ವರ್ಷದ ಹತ್ತಿರ ಬಂದಿತ್ತು. ಮಕ್ಕಳಿಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಅವಳ ಕನ್ನಡ ಅಡುಗೆಮನೆಯ ಡಬ್ಬಿಗಳನ್ನು ಬೈಯುವುದಕ್ಕೆ ಮಾತ್ರ ಉಳಿದಿತ್ತು.

ದೊಡ್ಡಪ್ಪ ನನ್ನ ಕಷ್ಟ ಕೇಳಿದವರೇ ಅಂಗಡಿಗೆ ಕರೆದುಕೊಂಡು ಹೋದರು. ಒನ್ ಟೌನಿನಲ್ಲಿ ಒಂದೊಂದು ಸಂದಿಗೆ ಒಂದೊಂದು ಸರಕು. ಬಳೆಯ ಸಂದಿಯಲ್ಲಿ ಬಳೆ ಬಿಟ್ಟು ಬೇರೆ ಸಿಗದು, ಕಾಗದದ ಸಂದಿಯಲ್ಲಿ ಕಾಗದ. ಅದನ್ನೆಲ್ಲ ರಾಜನ ಹಾಗೆ ಕೈ ಬೀಸಿ ತೋರಿಸಿ, “ನೋಡು ಬಾಬೂ, ಒಂದೇ ಸರಕು ಇಟ್ಕೋ. ಜನ ವಿಳಾಸ ಕೇಳದೇನೇ ಬರ್ತಾರೆ,” ಎಂದರು. ಯಾವ ಸರಕು ಎಂದು ಕೇಳಿದ್ದು ನನ್ನ ತಪ್ಪು. ಅವರು ಒಂದು ಕ್ಷಣವೂ ಯೋಚಿಸದೆ, ಹಗ್ಗ ಅಂದರು.

ಉಗಾದಿ ಹತ್ತಿರ ಬರುತ್ತಿದ್ದವನು ಹಗ್ಗವನ್ನಾದರೂ ಹಿಡಿಯದೆ ಏನು ಮಾಡಿಯಾನು? ಬ್ಲಾಗಿಗೆ ಹಗ್ಗದ ಹೆಸರಿಟ್ಟೆ, ವಿಳಾಸವನ್ನೂ ಬದಲಿಸಿದೆ. ತೆಂಗಿನ ನಾರಿನ ಹಗ್ಗ, ನೈಲಾನ್ ಹಗ್ಗ, ತೊಟ್ಟಿಲಿಗೆ ಕಟ್ಟುವ ನೂಲಿನ ಹಗ್ಗ, ಎಮ್ಮೆ ಕಟ್ಟುವುದು, ದೋಣಿ ಕಟ್ಟುವುದು. ದೊಡ್ಡಪ್ಪ ಗಲ್ಲಾದ ಮೇಲೆ ಕೂತು ಗಿರಾಕಿಗಳಿಗೆಲ್ಲ ತಮ್ಮ ಫೋನಿನಲ್ಲಿ ಅದನ್ನು ತೋರಿಸಿದರು. ಎದುರಂಗಡಿಯವರು ಮಾತ್ರ ಒಂದು ಪ್ರತಿಕ್ರಿಯೆ ಬರೆದರು, ನೈಲಾನಿನ ವಿಷಯದಲ್ಲಿ ನಾನು ದೊಡ್ಡಪ್ಪನ ಪಕ್ಷಪಾತಿ ಎಂದು. ಅಲ್ಲಿಗೆ ಹಗ್ಗದ ಮೇಲಿನ ಲೋಕಚರ್ಚೆ ಮುಗಿಯಿತು. ತಿಂಗಳೊಳಗೆ ಬರೆಯಲು ಹಗ್ಗವೂ ಮುಗಿಯಿತು.

ಇನ್ನೇನು ಬಸ್ಸೇ ಗತಿ ಎಂದು ಮೋರೆ ಇಳಿಬಿಟ್ಟುಕೊಂಡು ಕೂತಿದ್ದ ಒಂದು ಮಧ್ಯಾಹ್ನ ದೊಡ್ಡವ್ವ ಹೀರೇಕಾಯಿ ಹೆರೆಯುತ್ತ, ನಿಮ್ಮವ್ವನ ಹಂಗ ಮಾತಾಡು ನೋಡೋಣ, ಎಂದಳು. ತಂಗಿಯ ನೆನಪು ಬಂದಿತ್ತೋ, ನನ್ನ ಮೋರೆ ನೋಡಿ ಬೇಸರವಾಗಿತ್ತೋ. ನಾನು ಅವ್ವನ ಅತಿ ಪ್ರಸಿದ್ಧ ಭಾಷಣವನ್ನೇ ಎತ್ತಿಕೊಂಡೆ.

ಟೌನ್‌ಶಿಪ್ಪಿನಲ್ಲಿ ನಮ್ಮವರದೊಂದು ಪದ್ಧತಿ ಇತ್ತು. ಕರ್ನಾಟಕದಿಂದ ಯಾರಾದರೂ ಹೊಸದಾಗಿ ವರ್ಗವಾಗಿ ಬಂದರೆ, ಲಾರಿಯಿಂದ ಸಾಮಾನು ಇಳಿಯುವ ದಿನದ ಊಟ ಹಳೆಯ ಕನ್ನಡದ ಮನೆಯಿಂದ ಹೋಗಬೇಕು. ನಮ್ಮ ಬ್ಲಾಕಿನಲ್ಲಿ ಆ ಹಳೆಯ ಮನೆ ನಮ್ಮದು. ಅವ್ವ ರೊಟ್ಟಿ, ಝುಣಕ, ಮೊಸರು ಹೊತ್ತುಕೊಂಡು ಹೋಗಿ, ಬಿಚ್ಚದ ಪೆಟ್ಟಿಗೆಗಳ ನಡುವೆ ನಿಂತು, ಕಂಗಾಲಾದ ಆ ಹೆಂಗಸಿಗೆ ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳುತ್ತಿದ್ದಳು. ಉಪ್ಪಿನ ಡಬ್ಬಿಯೊಳಗ ನಾಕು ಅಕ್ಕಿಕಾಳು ಹಾಕಿಡವಾ, ಕಡಲ ಗಾಳಿ, ನೀರಾಗಿಬಿಡ್ತೈತಿ. ಗ್ಯಾಸಿನ ಒಲಿಗೆ ಎಣ್ಣಿ ಒರಸು, ತುಕ್ಕು ಹಿಡೀತೈತಿ. ಗಾಳಿ ಕಡಲ ಕಡಿಂದ ಬೀಸುವಾಗ ಹಪ್ಪಳ ಒಣಹಾಕಬ್ಯಾಡ. ಎಲ್ಲಾರ ಹೆಸರಿಗೂ ‘ಗಾರು’ ಹಚ್ಚು, ನಮ್ಮ ‘ಅವರು’ ಇದ್ದಂಗ ಅದು, ನಲ್ಲಿ ರಿಪೇರಿ ಮಾಡಾವ್ರಿಗೆ ಮೊದಲ ಹಚ್ಚು. ಜ್ವಾಳದ ಹಿಟ್ಟು ಮುಗಿಯೂ ಮುಂಚೆ ಹೇಳು, ಮುಗಿದ ಮ್ಯಾಲೆ ಅಳಬ್ಯಾಡ.

ಕೈ ಸೊಂಟದ ಮೇಲಿಟ್ಟು, ಅವ್ವನ ಹಾಗೆ ನಡುನಡುವೆ ‘ಅಂಡಿ’ ಸೇರಿಸಿ ಇದನ್ನೆಲ್ಲ ಒದರಿದೆ. ದೊಡ್ಡವ್ವ ನಕ್ಕು ನಕ್ಕು ಸೆರಗು ಕಣ್ಣಿಗೊತ್ತಿಕೊಂಡಳು. ಆಮೇಲೆ ಈಳಿಗೆಮಣೆ ಪಕ್ಕಕ್ಕೆ ಸರಿಸಿದಳು.

“ನನಗ ಯಾರೂ ಏನೂ ಹೇಳಲಿಲ್ಲ ನೋಡು ತಂಗಿ,” ಅಂದಳು. ನನ್ನ ಮುಖ ನೋಡುತ್ತಲೇ, ತಂಗಿಗೆ.

ನಾನು ಅವ್ವನ ದನಿ ಬಿಡದೆ ಏನಾಗಿತ್ತಕ್ಕಾ ಅಂದೆ.

ಮದುವೆಯಾಗಿ ಬಂದ ಮೊದಲನೆಯ ದಿನದ ಊಟ. ಅತ್ತೆ ಎಲೆ ಹಾಕಿ ತಾವೇ ಬಡಿಸಿದರು. ಬಡಿಸಿದ್ದು ಅನ್ನ, ಅದೂ ಗುಡ್ಡೆ. ನಮ್ಮ ಕಡೆ ರೊಟ್ಟಿ ಮೊದಲು, ಹೊಟ್ಟೆ ತುಂಬುವ ಹೊತ್ತಿಗೆ ಕಡೆಗೊಂದಿಷ್ಟು ಅನ್ನ. ಅನ್ನ ಬಂತೆಂದರೆ ಊಟ ಮುಗಿಯಿತೆಂದು ಲೆಕ್ಕ. ಹೊಸ ಮನೆಯಲ್ಲಿ ರೊಟ್ಟಿ ಮುಗಿದುಹೋಗಿರಬೇಕು, ಕೇಳಿದರೆ ಅವರಿಗೆ ಅವಮಾನ ಎಂದು ಹದಿನೆಂಟರ ಹುಡುಗಿ ಲೆಕ್ಕ ಹಾಕಿ, ನಾಲ್ಕು ತುತ್ತು ಉಂಡು, ಹಸಿದ ಹೊಟ್ಟೆಯಲ್ಲೇ ಕೈ ತೊಳೆದಳು. ಮರುದಿನವೂ ಅನ್ನ. ಅದರ ಮರುದಿನವೂ. ರೊಟ್ಟಿ ಬರುತ್ತದೆಂದು ಕಾದಳು, ಬರಲಿಲ್ಲ. ಅತ್ತೆ ಮಾತು ಕಡಿಮೆ ಮಾಡಿದರು. ತಾನೇನು ತಪ್ಪು ಮಾಡಿದೆನೆಂದು ಇವಳಿಗೆ ತಿಳಿಯಲಿಲ್ಲ.

“ಅವರರ ಹೇಳಬಾರದಿತ್ತೇನಕ್ಕಾ?”

“ಏನಂತ ಹೇಳಬೇಕು? ಅನ್ನ ಮೊದಲು ಅನ್ನೂದು ಅವರಿಗೆ ಹೇಳೂ ಮಾತ ಅಲ್ಲ. ಮುಂಜಾನೆ ಸೂರ್ಯ ಹುಟ್ತಾನ ಅಂತ ಯಾರರ ಯಾರಿಗಾದ್ರೂ ಹೇಳ್ತಾರೇನು?”

ಅಷ್ಟು ಉದ್ದದ ಕನ್ನಡವನ್ನು ಆ ಮನೆಯಲ್ಲಿ ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಗಂಟಲಲ್ಲಿದ್ದ ಅವ್ವ ಎಲ್ಲಿಗೋ ಹೋಗಿಬಿಟ್ಟಿದ್ದಳು. ಹೀರೇಕಾಯಿ ಎತ್ತಿಕೊಂಡು ಹೆರೆಯತೊಡಗಿದೆ.

ಸಂಜೆಗೆ ಮಾಳಿಗೆಯ ಮೇಲೆ ಕೂತು ‘ಮೊದಲ ದಿನದ ಊಟ’ ಎಂದು ಬರೆದೆ. ಕನ್ನಡದಲ್ಲಿ, ಅವ್ವನ ದನಿಯಲ್ಲಿ, ಹೊಸದಾಗಿ ಆಂಧ್ರಕ್ಕೆ ಬಂದ ಯಾವುದೋ ಹುಡುಗಿಗೆ ಹೇಳುವ ಹಾಗೆ: ಅನ್ನ ಕಂಡು ಹೆದರಬ್ಯಾಡವಾ, ಅದು ಊಟದ ತುದಿಯಲ್ಲ, ಬುಡ. ಕನ್ನಡ ಟೈಪು ಮಾಡಿ ರೂಢಿಯಿರಲಿಲ್ಲ, ಒಂದೊಂದು ಒತ್ತಕ್ಷರಕ್ಕೂ ಒಂದೊಂದು ದೋಣಿ ನದಿ ದಾಟುತ್ತಿತ್ತು. ಬ್ಲಾಗಿನ ವಿಳಾಸ ಬದಲಿಸುವಷ್ಟು ತಾಳ್ಮೆ ಇರಲಿಲ್ಲ. ಹೀಗಾಗಿ ಅವ್ವ ತನ್ನ ಸಾಹಿತ್ಯ ಜೀವನವನ್ನು ಹಗ್ಗದ ಅಂಗಡಿಯಲ್ಲೇ ಶುರುಮಾಡಿದಳು.

ಅದನ್ನು ದೊಡ್ಡವ್ವ ಗಂಡನಿಗೆ ತೆಲುಗಿನಲ್ಲಿ ಓದಿ ಹೇಳಿದಳು. ದೊಡ್ಡಪ್ಪ ನಗುತ್ತಾರೆಂದು ನಾನು ಕಾದಿದ್ದೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

“ನಮ್ಮಮ್ಮ ಕೂಡ ಅತ್ತಿದ್ದಳು,” ಎಂದರು. “ನನ್ನ ಕೈ ಅಡುಗೆ ಸೊಸೆಗೆ ಸೇರಲಿಲ್ಲ ಅಂತ. ಸಾಯೋ ತನಕ ಅದೇ ಅಂದುಕೊಂಡಿದ್ದಳು.”

ಅಂದಿನಿಂದ ನಾನು ಹಗ್ಗದ ಕಡೆ ತಿರುಗಿ ನೋಡಲಿಲ್ಲ. ಉಪ್ಪು, ತುಕ್ಕು, ಗಾರು, ಯಾವ ತಿಂಗಳಲ್ಲಿ ಮನೆ ಬದಲಿಸಿದರೆ ಓನರ್ ಅಮ್ಮ ಮುಖ ಸಿಂಡರಿಸುತ್ತಾಳೆ, ಮನೆಗೆ ಬಂದವರು ಹೊರಟಾಗ ಬರೀ ‘ಹೋಗಿ ಬರ್ರಿ’ ಎಂದು ಬಾಗಿಲು ಹಾಕಿಕೊಳ್ಳದೆ ಗೇಟಿನ ತನಕ ಏಕೆ ಹೋಗಬೇಕು, ಒಂದಾದ ಮೇಲೊಂದು ಬರೆದೆ. ಓದುವವರು ಬಂದರು. ಗುಂಟೂರಿಗೆ ಕೊಟ್ಟ ಒಬ್ಬ ಮದುಮಗಳು, ರಾಜಮಂಡ್ರಿಯ ಬ್ಯಾಂಕಿಗೆ ವರ್ಗವಾದ ಒಬ್ಬ ಗುಮಾಸ್ತರು, ನಮ್ಮದೇ ಟೌನ್‌ಶಿಪ್ಪಿನವರು. ನಾಯಿಯ ಕೂದಲಿನ ಲೇಖನಕ್ಕೆ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ಇವರು ಕೇಳುತ್ತಿದ್ದರು, ಅಕ್ಕಾ ಇದಕ್ಕೇನು ಮಾಡಲಿ, ಅಕ್ಕಾ ಅವರು ಹೀಗೆ ಅಂದರು, ಸಿಟ್ಟೋ ಪ್ರೀತಿಯೋ. ಗೊತ್ತಿಲ್ಲದ್ದನ್ನು ದೊಡ್ಡವ್ವನನ್ನು ಕೇಳಿ ಬರೆಯುತ್ತಿದ್ದೆ. ಮನೆ ಸಾಮಾನು ಸಾಗಿಸುವ ವಿಜಯವಾಡದ ಒಬ್ಬರು, ತಮ್ಮ ಗಿರಾಕಿಗಳಿಗೆ ಕೊಡಲು ಇಂಥದ್ದೇ ಬರೆದುಕೊಡುತ್ತೀರಾ ಅಮ್ಮಾ, ಹಣ ಕೊಡುತ್ತೇವೆ ಎಂದು ಬರೆದರು. ಅಮ್ಮನಿಗೆ ಮೀಸೆ ಇದೆಯೆಂದು ಫೋನಿನಲ್ಲಿ ತಿಳಿಸಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಪರವಾಗಿಲ್ಲ ಎಂದರು.

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅಣಕ ಮಾಡುವವನಿಗೆ ಚಪ್ಪಾಳೆ ಬಿದ್ದರೆ ಕೈಕಾಲು ನಿಲ್ಲುವುದಿಲ್ಲ. ಮಗ ಮನೆಯಲ್ಲೇ ಕೂತು ದುಡಿಯುವವನಾದರೆ ನೆರೆಯವರಿಗೆ ಏನು ಹೇಳಬೇಕೆಂದು ಅವ್ವನ ದನಿಯಲ್ಲಿ ಒಂದು ಬರಹ ಹಾಕಿದೆ. ಬೂಟು, ಡಬ್ಬಿ, ಹಿತ್ತಲು, ಅವಲಕ್ಕಿ, ಒಂದನ್ನೂ ಬಿಡಲಿಲ್ಲ. ಎಲ್ಲಕ್ಕಿಂತ ಹೆಚ್ಚು ಜನ ಓದಿದ್ದು ಅದನ್ನೇ. ಓದಿದವರಲ್ಲಿ ನಮ್ಮ ಸಾಲಿನ ಕೊನೆಯ ಮನೆಯ ಕನ್ನಡದ ಹೆಂಗಸೂ ಒಬ್ಬರು. ಅವರು ಅದನ್ನು ಹಾಲಿನ ಬೂತಿನ ಮುಂದೆ ನಿಂತು ನೆರೆದವರಿಗೆಲ್ಲ ತೆಲುಗಿನಲ್ಲಿ ಹೇಳಿದರು. ನೆರೆದವರಲ್ಲಿ ಪಕ್ಕದ ಮನೆಯ ಆಂಟಿ ಇದ್ದರು.

ಅವ್ವ ಫೋನು ಮಾಡಿ, ಊರಿಗೆ ಬಾ ಎಂದಷ್ಟೇ ಹೇಳಿ ಇಟ್ಟಳು. ಉಗಾದಿಗೆ ಇನ್ನು ಕೆಲವೇ ದಿನ ಉಳಿದಿದ್ದವು. ರೈಲಿನಲ್ಲಿ ಕೂತು ಅವ್ವ ಬೈಯುವುದನ್ನು ನನ್ನೊಳಗೇ ಆಡಿ ನೋಡಿದೆ, ಯಾಕೋ ಒಂದೂ ಸರಿ ಕೂರಲಿಲ್ಲ. ಅಪ್ಪನಿಗೆ ಉತ್ತರ ಸಿಕ್ಕಿತ್ತು, ನಿಜ. ಆದರೆ ಎರಡು ವರ್ಷಕ್ಕೂ ಹೆಚ್ಚು ಕಾಲ ನನ್ನ ಮಾನ ಕಾಯ್ದವಳ ಮಾನವನ್ನು ಹಾಲಿನ ಬೂತಿನ ಮುಂದೆ ಕಳೆದು ತಂದ ಉತ್ತರ ಅದು. ಅಪ್ಪ ಒಪ್ಪುವನೇ? ನಾನೇ ಒಪ್ಪುವೆನೇ? ಅವ್ವ ಒಂದು ಮಾತು ನಿಲ್ಲಿಸೋ ಅಂದರೆ ಬ್ಲಾಗು ಅಳಿಸಿ ಬಸ್ಸು ಹತ್ತುವುದೆಂದು ಅನಕಾಪಲ್ಲಿ ದಾಟುವ ಹೊತ್ತಿಗೆ ತೀರ್ಮಾನಿಸಿದ್ದೆ.

ಮನೆಯಲ್ಲಿ ಅವ್ವ ಊಟಕ್ಕೆ ಬಡಿಸಿದಳು. ಪಾತ್ರೆಗಳು ಮಾತ್ರ ಸ್ವಲ್ಪ ಜೋರಾಗಿ ಮಾತಾಡಿದವು. ನಾನು ಬಾಯಿ ತೆರೆಯುವಷ್ಟರಲ್ಲಿ ಹಿತ್ತಲ ಬಾಗಿಲು ತಟ್ಟಿದ ಸದ್ದಾಯಿತು. ಆಂಟಿ. ಒಳಗೆ ಬಂದು, ಕುರ್ಚಿ ಎಳೆದುಕೊಂಡು ಕೂತು, ನನ್ನ ಕಾಲು ನೋಡಿ, ಇವತ್ತು ಬೂಟಿಲ್ಲವಾ ಬಾಬೂ ಎಂದು ತೆಲುಗಿನಲ್ಲಿ ಕೇಳಿದರು.

ಅವ್ವ ನೆಲ ನೋಡತೊಡಗಿದಳು.

ಆಂಟಿಗೆ ಮೊದಲ ವಾರದಿಂದಲೂ ಗೊತ್ತಿತ್ತು. ಆಂಟಿಗೊಬ್ಬರಿಗೇ ಅಲ್ಲ, ಸಾಲಿಗೆಲ್ಲ. ನಮ್ಮ ಮನೆಗಳ ಹಿಂದಿನ ಓಣಿಯಲ್ಲಿ ಮೊದಲು ಬಾದಾಮಿ ಮರಗಳ ಸಾಲೇ ಇತ್ತು. ಒಬ್ಬರ ಹಿತ್ತಲು ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ. ಚಂಡಮಾರುತ ಅವನ್ನೆಲ್ಲ ಬುಡಸಮೇತ ಕಿತ್ತು ಹಾಕಿ, ಓಣಿ ಅಂಗೈಯ ಹಾಗೆ ಬಯಲಾಗಿತ್ತು. ಇಪ್ಪತ್ತು ವರ್ಷ ಮರದ ಮರೆಯಲ್ಲಿ ಬದುಕಿದ ಅವ್ವನಿಗೆ ಮರ ಬಿದ್ದದ್ದು ಕಂಡಿತ್ತು, ಮರೆ ಹೋದದ್ದು ತಲೆಗೆ ಹೋಗಿರಲಿಲ್ಲ. ಅದೂ ಮಧ್ಯಾಹ್ನ ಎರಡು ಗಂಟೆ. ಮುಂದಿನ ರಸ್ತೆಯಲ್ಲಿ ಆ ಬಿಸಿಲಿಗೆ ನಾಯಿಯೂ ಇರುವುದಿಲ್ಲ, ಸಾಲಿನ ಹೆಂಗಸರೆಲ್ಲ ಪಾತ್ರೆ ತೊಳೆಯುತ್ತ, ಒಣಗಿದ ಬಟ್ಟೆ ತೆಗೆಯುತ್ತ ಇರುವುದು ಹಿತ್ತಲಲ್ಲೇ. ಯಾರೂ ಇಲ್ಲದ ರಸ್ತೆಗೆ ನನ್ನನ್ನು ತೋರಿಸಿ, ಎಲ್ಲರೂ ಇರುವ ಓಣಿಯಲ್ಲಿ ಅವ್ವ ನನ್ನನ್ನು ಬಚ್ಚಿಡುತ್ತಿದ್ದಳು.

ಅವ್ವ ನಿಧಾನವಾಗಿ ತಲೆ ಎತ್ತಿದಳು. “ಆದ್ರ ನಾ ಬಾಗಲಾ ತೆಗದಾಗ ಹಿತ್ತಲದಾಗ ಯಾರೂ ಇರತಿರಲಿಲ್ಲಲ್ಲಾ ಅಂಡಿ?”

“ನಾವೇ ಒಳಗೆ ಹೋಗ್ತಿದ್ವಲ್ಲ,” ಅಂದರು ಆಂಟಿ. “ಬಾಬು ಬರೋ ಹೊತ್ತಾಯಿತು, ನಡೀರಿ ನಡೀರಿ ಅಂತ. ಪಾಪ ಹುಡುಗ, ನಾಚಿಕೊಳ್ಳೋದು ಬೇಡ ಅಂತ.”

ಅರ್ಧ ತೊಳೆದ ಪಾತ್ರೆ ಬಿಟ್ಟು ಎರಡು ವರ್ಷಕ್ಕೂ ಹೆಚ್ಚು ಕಾಲ ಆ ಸಾಲಿನ ಹೆಂಗಸರು ನನಗಾಗಿ ಬಾಗಿಲ ಹಿಂದೆ ನಿಂತಿದ್ದರು. ಜಗತ್ತನ್ನೇ ಅಣಕಿಸುವ ನಾನು ಅವರ ನಡುವೆ ಡಬ್ಬಿ ಹಿಡಿದು ಗಂಭೀರವಾಗಿ ನಡೆದುಹೋಗುತ್ತಿದ್ದೆ.

ಆಂಟಿ ಬಂದದ್ದು ಜಗಳಕ್ಕಲ್ಲ. ತಕರಾರು ಒಂದಿತ್ತು, ಬೇರೆಯದು. ಅವರ ಮಗಳನ್ನು ದಾವಣಗೆರೆಗೆ ಕೊಟ್ಟಿತ್ತು. ಅಲ್ಲಿ ಮೊದಲು ರೊಟ್ಟಿ ಹಾಕುತ್ತಾರಂತೆ, ಅದೇ ಊಟವೆಂದು ಹುಡುಗಿ ಹೊಟ್ಟೆ ತುಂಬಿಸಿಕೊಳ್ಳುತ್ತಾಳಂತೆ, ಅನ್ನ ಬಂದಾಗ ಜಾಗವಿಲ್ಲದೆ ಅಳುತ್ತಾಳಂತೆ. ನಿಮ್ಮವರಿಗೆಲ್ಲ ಬರೆದೆ, ನನ್ನ ಮಗಳಿಗೆ ಯಾರು ಬರೆಯುತ್ತಾರೆ, ತೆಲುಗಿನಲ್ಲಿ ಬರೆ, ಎಂದರು. ಬರೆಯುತ್ತೇನೆ ಎಂದೆ, ಅವ್ವನ ಮುಖ ನೋಡುತ್ತ.

ಅವ್ವನ ಸಿಟ್ಟು ಅಷ್ಟು ಹೊತ್ತಿಗೆ ಬೇರೆ ದಾರಿ ಹಿಡಿದಿತ್ತು. “ಬರದದ್ದೆಲ್ಲ ಬರದಿ, ಇರ್ಲಿ. ನಾ ಎಲ್ಲಿ ಮಾತಿಗೊಮ್ಮೆ ಅಂಡಿ ಅಂತೀನಿ? ನೀವ ಹೇಳ್ರಿ ಅಂಡಿ,” ಎಂದು ಆಂಟಿಯ ಕಡೆ ತಿರುಗಿದಳು. ಆಂಟಿ ನನ್ನ ಕಡೆ ನೋಡಲಿಲ್ಲ, ನಾನು ಆಂಟಿಯ ಕಡೆ ನೋಡಲಿಲ್ಲ.

ಉಗಾದಿಯ ಬೆಳಗ್ಗೆ ಬೇವು ಬೆಲ್ಲ ಮುಗಿಸಿ ಅಪ್ಪ ಮುಂದಿನ ಜಗಲಿಯಲ್ಲಿ ಕೂತ. ಹೊಸ ಅಂಗಿ, ಹಳೆಯ ಕನ್ನಡಕ. ಯಾರ ಸಲುವಾಗಿ, ಎಂದು ಎರಡನೆಯ ಸಲ ಕೇಳಿದ. ಆ ಪ್ರಶ್ನೆಗೆ ಭಾಷಣವನ್ನೇ ತಯಾರು ಮಾಡಿಕೊಂಡಿದ್ದೆ, ಗುಂಟೂರು, ರಾಜಮಂಡ್ರಿ, ದಾವಣಗೆರೆ ಎಲ್ಲ ಇದ್ದವು. ಅವನ ಮುಖ ನೋಡಿದ ಮೇಲೆ ಅಷ್ಟೂ ಬೇಡವೆನಿಸಿತು.

“ಊರು ಬಿಟ್ಟು ಬಂದು, ಇನ್ನೂ ಸಾಮಾನು ಬಿಚ್ಚದವರ ಸಲುವಾಗಿ,” ಎಂದೆ. ಯಾರ ದನಿಯೂ ಅಲ್ಲದ್ದರಿಂದ ಸ್ವಲ್ಪ ನಡುಗಿತು.

ಅಪ್ಪ ಜೇಬಿನಿಂದ ಹೊಸ ಫೋನು ತೆಗೆದು, ಬೆರಳಿನಿಂದ ಸುಮಾರು ಹೊತ್ತು ಸರಿಸಿ, ನನ್ನದೇ ಒಂದು ಬರಹ ನನ್ನ ಮುಂದೆ ಹಿಡಿದ. ಎಲ್ಲವನ್ನೂ ಓದಿದ್ದ. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಎಡಕ್ಕೆ ತಿರುಗಬೇಕೆಂದು ಬರೆದಿರುವೆ, ಅದು ಬಲಕ್ಕೆ, ಹೊಸದಾಗಿ ಬಂದವರು ಮಗುವಿಗೆ ಜ್ವರ ಅಂತ ಹೊತ್ತುಕೊಂಡು ನಿನ್ನ ಮಾತು ನಂಬಿ ಎಡಕ್ಕೆ ಹೋದರೆ ನೀರಿನ ಟ್ಯಾಂಕು ಸಿಗುತ್ತದೆ, ಈಗಲೇ ತಿದ್ದು, ಎಂದ. ಅವನೆದುರೇ ಕೂತು ತಿದ್ದಿದೆ. ತಿದ್ದಿದ್ದನ್ನು ಇನ್ನೊಮ್ಮೆ ಓದಿದ. ಆಮೇಲೆ ಪರವಾಡದ ಗೆಳೆಯರಿಗೆ ಫೋನು ಹಚ್ಚಿ, ದಿಲ್ಲಿಗೆ ಕೇಳುವ ಹಾಗೆ ಕೂಗದೆ, ಪಕ್ಕದಲ್ಲಿ ಕೂತವನಿಗೆ ಹೇಳುವಷ್ಟೇ ಮೆತ್ತಗೆ ಮಾತಾಡಿದ.

“ಹಬ್ಬದ ಶುಭಾಶಯರೀ. ಇಲ್ರೀ, ನಮ್ಮ ಹುಡುಗ ಬರಂಗಿಲ್ಲ. ಅವಗ ಡ್ಯೂಟಿ ಐತಿ.”